ಡಿಸೈನಿಗೆ ದುಡ್ಡು ಕೊಡುವವರು ಯಾರು?

ಪ್ರಶ್ನೆ: ದಾವಣಗೆರೆಯಲ್ಲಿ ದೃಶ್ಯಕಲೆ ಓದಿ ಮುಗಿಸಿ ನಾಲ್ಕು ವರ್ಷವಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಫ್ಲೆಕ್ಸ್, ಅಂಗಡಿ ಲೋಗೊ, ಆಗಾಗ ಪುಸ್ತಕದ ಮುಖಪುಟ ಮಾಡುತ್ತೇನೆ. ಒಂದು ತಿಂಗಳು 30 ಸಾವಿರ ಬಂದರೆ ಇನ್ನೊಂದು ತಿಂಗಳು 4 ಸಾವಿರ. ಆಷಾಢ ಬಂತೆಂದರೆ ಭಯ. ಬಾಕಿ ವಸೂಲಿಯೇ ಒಂದು ಕೆಲಸವಾಗಿದೆ. ಮನೆಯಲ್ಲಿ ‘ಬೆಂಗಳೂರಿಗೆ ಹೋಗಿ ನೌಕರಿ ಹಿಡಿ’ ಅಂತಾರೆ. ಇಲ್ಲೇ ಇದ್ದು, ಇದೇ ಕೆಲಸದಲ್ಲಿ ಬದುಕು ನಡೆಸಲು ಆಗುತ್ತದೆಯೇ?
— ಒಬ್ಬ ಓದುಗ, ದಾವಣಗೆರೆ

ಉತ್ತರ:

ಆಗುತ್ತದೆ. ಆದರೆ ಈಗಿನ ಕೆಲಸಗಳನ್ನೇ ಇನ್ನಷ್ಟು ಹೊತ್ತು ಕೂತು ಮಾಡಿದರೆ ಆಗುವುದಿಲ್ಲ.

ನೀವು ಬರೆದ ಪಟ್ಟಿಯ ಮೊದಲ ಎರಡು ಕೆಲಸ ನೋಡಿ. ಲಗ್ನಪತ್ರಿಕೆಯ ದರ ನೂರು ಕಾರ್ಡಿಗೆ ಇಷ್ಟು, ಫ್ಲೆಕ್ಸಿನ ದರ ಚದರಡಿಗೆ ಇಷ್ಟು. ಗ್ರಾಹಕ ಕೊಡುವುದು ಕಾಗದಕ್ಕೆ, ಮಸಿಗೆ, ಅಚ್ಚಿಗೆ. ಡಿಸೈನ್ ಅನ್ನುವುದು ಬಟ್ಟೆ ಅಂಗಡಿಯವರು ಸೀರೆ ಜೊತೆ ಕೊಡುವ ಕೈಚೀಲದ ಹಾಗೆ, ಪುಕ್ಕಟೆ. ‘ಬರೀ ಹೆಸ್ರು ಬದಲಾಯಿಸೋದಲ್ವೇನ್ರೀ, ಅದಕ್ಕೂ ದುಡ್ಡಾ?’ ಎಂದು ಕೇಳುವವರು ಜಿಪುಣರೇನಲ್ಲ, ಆ ಪೇಟೆಯ ಲೆಕ್ಕವೇ ಹಾಗಿದೆ. ಅಲ್ಲಿ ನಿಮ್ಮ ಕೈ ಎಷ್ಟೇ ಪಳಗಿದರೂ ದರ ಏರುವುದಿಲ್ಲ. ಪತ್ರಿಕೆಯ ಮೇಲಿನ ಬಳ್ಳಿ ವಕ್ರವಾಗಿದ್ದರೂ ಮದುವೆ ನಡೆಯುತ್ತದೆ, ಊಟವೂ ಆಗುತ್ತದೆ.

ಡಿಸೈನ್ ತಪ್ಪಿದರೆ ಯಾರ ಗಂಟು ಹೋಗುತ್ತದೋ ಅವರು ಮಾತ್ರ ಡಿಸೈನಿಗೆ ಅಂತ ಬೇರೆಯಾಗಿ ದುಡ್ಡು ಕೊಡುತ್ತಾರೆ. ಇಂಥವರು ನಿಮ್ಮ ಸುತ್ತಲೇ ಇದ್ದಾರೆ. ಅಕ್ಕಿ ಗಿರಣಿಗಳಿವೆ, ಮಂಡಕ್ಕಿಯನ್ನು ಬ್ರ್ಯಾಂಡ್ ಮಾಡಿ ಪೊಟ್ಟಣದಲ್ಲಿ ಮಾರಲು ಹೊರಟವರಿದ್ದಾರೆ, ರೊಟ್ಟಿ-ಚಟ್ನಿಪುಡಿಯ ಮಹಿಳಾ ಸಂಘಗಳಿವೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು, ಮೊಳಕಾಲ್ಮೂರಿನ ರೇಷ್ಮೆ ಸೀರೆಯವರು, ಖಾಸಗಿ ಶಾಲೆ-ಕಾಲೇಜು, ಸಹಕಾರ ಸಂಘಗಳೂ ಇವೆ. ಇವುಗಳಲ್ಲಿ ಮೊದಲು ಪೊಟ್ಟಣದ ಕೆಲಸ ಹಿಡಿಯಿರಿ ಎಂಬುದು ನನ್ನ ಸಲಹೆ. ಯಾಕೆಂದರೆ ಅಲ್ಲಿ ತಪ್ಪಿನ ಬೆಲೆಯನ್ನು ಗ್ರಾಹಕನಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅವನಿಗೇ ಗೊತ್ತಿರುತ್ತದೆ.

ಹೊಳೆಯುವ ಪ್ಲಾಸ್ಟಿಕ್ ಪೌಚ್‌ಗಳು ಹೆಚ್ಚಾಗಿ ರೋಟೊಗ್ರೇವೂರ್ ವಿಧಾನದಲ್ಲಿ ಅಚ್ಚಾಗುತ್ತವೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಬೇಕು. ಐದು ಬಣ್ಣವೆಂದರೆ ಐದು ಸಿಲಿಂಡರ್, ಪ್ರತಿಯೊಂದಕ್ಕೂ ಸಾವಿರಾರು ರೂಪಾಯಿ. ಒಂದು ಅಂಕಿ ತಪ್ಪಿದರೂ ಆ ಬಣ್ಣದ ಸಿಲಿಂಡರ್ ಮತ್ತೆ ಕೆತ್ತಿಸಬೇಕು, ಅಷ್ಟರಲ್ಲಿ ಅಚ್ಚಾದ ರೋಲ್ ತಿಪ್ಪೆಗೆ. 25 ಕಿಲೋ ಅಕ್ಕಿಯ ನೇಯ್ದ ಚೀಲಕ್ಕೆ ಸಾಮಾನ್ಯವಾಗಿ ಫ್ಲೆಕ್ಸೊ ಅಚ್ಚು, ಅಂದರೆ ರಬ್ಬರಿನಂಥ ಮೆತ್ತನೆಯ ಪ್ಲೇಟಿನಿಂದ ಒತ್ತುವುದು. ಅಲ್ಲಿ ಬಣ್ಣ ಕಡಿಮೆ, ನೇಯ್ಗೆಯ ಮೇಲೆ ಸಣ್ಣ ಅಕ್ಷರದ ಒಳಗುಳಿ ಮಸಿಯಿಂದ ತುಂಬಿಹೋಗುತ್ತದೆ, ಬಣ್ಣಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವುದಿಲ್ಲ. ಕಂಪ್ಯೂಟರಿನಲ್ಲಿ ಚೆಂದ ಕಾಣುವ ನವಿರಾದ ಗೆರೆ, ಬಣ್ಣದ ಮಬ್ಬು ಇಳಿತ, ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಪುಟ್ಟ ಅಕ್ಷರ, ಇವು ಮೂರೂ ಚೀಲದ ಮೇಲೆ ಸಾಯುತ್ತವೆ. ಅದಕ್ಕೇ ಮೊದಲ ಗೆರೆ ಎಳೆಯುವ ಮುನ್ನ ಚೀಲ ತಯಾರಿಸುವವರಿಗೇ ಫೋನ್ ಮಾಡಿ. ಎಷ್ಟು ಬಣ್ಣ, ಅಚ್ಚಿನ ಜಾಗ ಎಷ್ಟಕ್ಕೆಷ್ಟು, ಅತಿ ತೆಳು ಗೆರೆ ಎಷ್ಟಿರಬಹುದು, ಹೊಲಿಗೆ ಅಥವಾ ಸೀಲ್ ಎಲ್ಲಿ ಬರುತ್ತದೆ ಎಂದು ಕೇಳಿ, ಅಳತೆಯ ನಕ್ಷೆಯನ್ನು ಫೈಲಿನಲ್ಲೇ ಕಳಿಸಲು ಹೇಳಿ. ಈ ಒಂದು ಫೋನ್ ಮಾಡದೆ ಡಿಸೈನ್ ಕೊಟ್ಟವರ ಕೆಲಸ ಮೂರು ಸಲ ವಾಪಸು ಬರುತ್ತದೆ.

ಪೊಟ್ಟಣದ ಹಿಂಬದಿಯಲ್ಲಿ ನಿಮ್ಮ ನಿಜವಾದ ಬೆಲೆ ಇದೆ. 2011ರ ಪೊಟ್ಟಣ ಸಾಮಗ್ರಿಗಳ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ನಿಯಮಗಳ ಪ್ರಕಾರ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂಗೆ ಅಥವಾ ಕಿಲೋಗೆ ಬೀಳುವ ಬೆಲೆ, ತಯಾರಾದ ತಿಂಗಳು-ವರ್ಷ, ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್ ಇರಬೇಕು. ತೂಕದ ಅಂಕಿಯ ಎತ್ತರಕ್ಕೂ ನಿಯಮವಿದೆ. ಆಹಾರವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಸೇರಿಸಿದ ಪದಾರ್ಥಗಳ ಪಟ್ಟಿ, ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಕನ್ನಡ ಹಾಕಬಹುದು. ಕನ್ನಡವೊಂದನ್ನೇ ಹಾಕಿದರೆ ಪ್ರೀತಿ ತೋರಿದಂತಾಗುತ್ತದೆ, ನಿಯಮ ಪಾಲಿಸಿದಂತಾಗುವುದಿಲ್ಲ. ಬಾರ್‌ಕೋಡ್ ಸಂಖ್ಯೆಯನ್ನು ಬ್ರ್ಯಾಂಡಿನ ಮಾಲೀಕರೇ ಅದನ್ನು ಹಂಚುವ ಸಂಸ್ಥೆಯಾದ ಜಿಎಸ್1 ಇಂಡಿಯಾದಿಂದ ಪಡೆಯಬೇಕು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಯಾವುದೋ ಸಂಖ್ಯೆ ಹಾಕಿಕೊಟ್ಟರೆ ಸೂಪರ್ ಮಾರ್ಕೆಟ್ಟಿನಲ್ಲಿ ಇನ್ನೊಬ್ಬರ ಬಿಸ್ಕತ್ತಿನ ಬೆಲೆ ಬರಬಹುದು. 13 ಅಂಕಿಯ ಬಾರ್‌ಕೋಡಿನ ಪೂರ್ಣ ಅಳತೆ 37.29 × 25.93 ಮಿ.ಮೀ. ಇದನ್ನು ಶೇ 80ಕ್ಕಿಂತ ಕೆಳಗೆ ಕುಗ್ಗಿಸಬಾರದು. ಎಡ-ಬಲದ ಖಾಲಿ ಜಾಗಕ್ಕೆ ಕೈ ಹಾಕಬಾರದು. ಪಟ್ಟಿಗಳು ಕೆಂಪು ಬಣ್ಣದಲ್ಲಿ ಇರಲೇಬಾರದು: ಸ್ಕ್ಯಾನರಿನ ಬೆಳಕೇ ಕೆಂಪು, ಅದಕ್ಕೆ ಬಿಳಿಯ ಮೇಲಿನ ಕೆಂಪು ಕಾಣುವುದಿಲ್ಲ.

ಇಷ್ಟನ್ನು ತಿಳಿದುಕೊಂಡು ಒಂದು ಗಿರಣಿಗೆ ಹೋಗಿ, ಅವರ ಈಗಿನ ಚೀಲದ ಮೇಲೆ ಏನೇನು ತಪ್ಪಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿ. ‘ಚದರಡಿಗೆ ಎಷ್ಟು?’ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆದರೆ ವಿವರಗಳ ಹೊಣೆ ನಿಮ್ಮ ತಲೆಗೆ ಬರದಂತೆ ನೋಡಿಕೊಳ್ಳಿ. ಲೈಸೆನ್ಸ್ ಸಂಖ್ಯೆ, ತೂಕ, ಪದಾರ್ಥಗಳ ಪಟ್ಟಿ ಅವರೇ ಬರೆದು ಕಳಿಸಬೇಕು. ಅಚ್ಚಿಗೆ ಹೋಗುವ ಮುನ್ನ ಪ್ರೂಫಿನ ಪ್ರತಿ ಪುಟಕ್ಕೂ ಅವರ ಸಹಿ ಬೇಕು.

ಕನ್ನಡ ಅಕ್ಷರದ ವಿಷಯದಲ್ಲಿ ನಿಮಗೆ ಊರಿನ ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ರಾಜ್ಯದಲ್ಲಿ ಅಂಗಡಿ-ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ. ಇಂಗ್ಲಿಷ್ ಲೋಗೊದ ಪಕ್ಕ ಸಿಕ್ಕ ಫಾಂಟಿನಲ್ಲಿ ಕನ್ನಡ ಅಂಟಿಸಿದ ಫಲಕಗಳು ಎಲ್ಲೆಲ್ಲೂ ಇವೆ. ಇಂಗ್ಲಿಷ್ ಲೋಗೊದ ದಪ್ಪ, ತಿರುವು, ಉಸಿರು ನೋಡಿ ಅದಕ್ಕೆ ಜೋಡಿಯಾಗುವ ಕನ್ನಡ ಅಕ್ಷರ ಬರೆದುಕೊಡಬಲ್ಲವರು ವಿರಳ. ಬೆಂಗಳೂರಿನ ಜಾಹೀರಾತು ಏಜೆನ್ಸಿಗಳಿಗೂ ಇದು ಬೇಕು. ತಾಂತ್ರಿಕ ಎಡವಟ್ಟುಗಳಿಗೆ ಮಾತ್ರ ಎಡೆ ಕೊಡಬೇಡಿ. ಫೋಟೊಶಾಪ್, ಇನ್‌ಡಿಸೈನ್‌ಗಳಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರ ಒಡೆದು ಕಂಡರೆ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿ, ಸರಿಹೋಗುತ್ತದೆ. ಪ್ರೆಸ್ಸುಗಳ ಹಳೆಯ ಕೋರೆಲ್‌ಡ್ರಾದಲ್ಲಿ ಇನ್ನೂ ‘ನುಡಿ’ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟುಗಳೇ ನಡೆಯುತ್ತವೆ. ಆಸ್ಕಿಯಿಂದ ಯುನಿಕೋಡಿಗೆ ಬದಲಿಸಿದ ಪಠ್ಯದಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಓದಬೇಕು, ಕೈಕೊಡುವುದು ಅಲ್ಲೇ. ಪ್ರೆಸ್ಸಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಕರ್ವ್ಸ್ (ಫಾಂಟಿನ ಹಂಗಿಲ್ಲದ ಬರೀ ಆಕಾರ) ಮಾಡಿ, ಆದರೆ ಕರ್ವ್ಸ್ ಮಾಡದ ಮೂಲ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಸಣ್ಣ ಅಕ್ಷರವನ್ನು ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲಿ ಬಿಡಬೇಡಿ; ಶೇ 100 ಕಪ್ಪು ಒಂದರಲ್ಲೇ ಇರಲಿ, ಇಲ್ಲದಿದ್ದರೆ ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಮೂಡುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗೆ ಕೊಡುವಷ್ಟೇ ಜಾಗ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುತ್ತದೆ. ಅಕ್ಷರದಳತೆಯ ಒಂದೂವರೆ ಪಟ್ಟಿನ ಸುತ್ತಮುತ್ತ ಇಟ್ಟುಕೊಳ್ಳಿ. ಫಾಂಟ್ ಕದಿಯುವ ಅಗತ್ಯವೂ ಇಲ್ಲ. ನೋಟೊ, ಅನೇಕ್, ಬಲೂ ತಮ್ಮ, ಟೀರೊ ಮುಂತಾದವು ಮುಕ್ತ ಪರವಾನಗಿಯಲ್ಲಿ ವ್ಯಾಪಾರಕ್ಕೂ ಸಿಗುತ್ತವೆ. ‘ಬೆಣ್ಣೆ’ ಎಂಬ ಹೆಸರಿನ ಫಾಂಟೂ ಇದೆ, ದಾವಣಗೆರೆಯವರು ಒಮ್ಮೆಯಾದರೂ ಬಳಸಬೇಕು.

ಇನ್ನು ದರ. ನೆರೆಯವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದರಿಂದ ಶುರು ಮಾಡಬೇಡಿ, ನಿಮ್ಮ ಮನೆಯ ಖರ್ಚಿನಿಂದ ಶುರು ಮಾಡಿ. ಉದಾಹರಣೆಗೆ ಮನೆ ಖರ್ಚಿಗೆ 25,000. ಸಾಫ್ಟ್‌ವೇರ್, ಇಂಟರ್ನೆಟ್, ಕರೆಂಟಿಗೆ 4,000. 96,000 ರೂಪಾಯಿಯ ಕಂಪ್ಯೂಟರ್ ನಾಲ್ಕು ವರ್ಷ ಬಾಳುತ್ತದೆಂದರೆ ತಿಂಗಳಿಗೆ 2,000. ಆರೋಗ್ಯ ವಿಮೆ ಮತ್ತು ಉಳಿತಾಯಕ್ಕೆ 5,000. ಓಡಾಟ, ಆಡಿಟರ್, ಚಿಲ್ಲರೆಗೆ 2,000. ಒಟ್ಟು 38,000. ತಿಂಗಳಿಗೆ 24 ದಿನ, ದಿನಕ್ಕೆ 8 ಗಂಟೆ ಎಂದರೆ 192 ಗಂಟೆ. ಅದರಲ್ಲಿ ಬಿಲ್ ಮಾಡಬಹುದಾದದ್ದು ಹೆಚ್ಚೆಂದರೆ ಅರ್ಧ. ಉಳಿದದ್ದು ಫೋನು, ಪ್ರೆಸ್ಸಿಗೆ ಓಡಾಟ, ವಸೂಲಿ, ಕಲಿಕೆಗೆ ಹೋಗುತ್ತದೆ. 95 ಗಂಟೆ ಅಂದುಕೊಳ್ಳಿ. 38,000ವನ್ನು 95ರಿಂದ ಭಾಗಿಸಿದರೆ ಗಂಟೆಗೆ 400 ರೂಪಾಯಿ. ಇದು ಲಾಭವಲ್ಲ, ಮುಳುಗದೆ ತೇಲುವ ದರ. 300 ರೂಪಾಯಿಗೆ ಒಪ್ಪಿಕೊಂಡ ಪತ್ರಿಕೆಗೆ ತಿದ್ದುಪಡಿ ಸೇರಿ ಮೂರು ಗಂಟೆ ಹೋದರೆ ನಿಮಗೆ ಗಂಟೆಗೆ ಸಿಕ್ಕಿದ್ದು 100. ಅಂದರೆ ಆ ಮದುವೆಗೆ ನೀವು 900 ರೂಪಾಯಿ ಮುಯ್ಯಿ ಮಾಡಿದಿರಿ, ಊಟಕ್ಕೂ ಕರೆದಿರಲಾರರು.

ನಾಲ್ಕು ವಾರ ಒಂದು ನೋಟ್‌ಬುಕ್ಕಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಬರೆಯಿರಿ. ಅನಂತರ ಗ್ರಾಹಕರಿಗೆ ಗಂಟೆಯ ಲೆಕ್ಕ ಹೇಳಬೇಡಿ, ಇಡೀ ಕೆಲಸಕ್ಕೆ ಒಂದೇ ಮೊತ್ತ ಹೇಳಿ. ಗಂಟೆ ನಿಮ್ಮ ಜೇಬಿನ ಲೆಕ್ಕ. 48 ಪುಟದ ವಾರ್ಷಿಕ ವರದಿಗೆ ಪುಟಕ್ಕೆ ಅರ್ಧ ಗಂಟೆಯಂತೆ 24, ಮುಖಪುಟಕ್ಕೆ 6, ಒಟ್ಟು 30 ಗಂಟೆ. 12,000ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಕೊಟೇಶನ್ ಬಾಯಿಮಾತಿನಲ್ಲಿ ಇರಬಾರದು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ವಾಟ್ಸ್‌ಆ್ಯಪ್ ಸಾಕು. ಹೀಗೆ ಬರೆಯಬಹುದು: ‘ನಮಸ್ಕಾರ ಸರ್. 1 ಕಿಲೋ ಪೌಚಿನ ಡಿಸೈನ್, ಮುಂಬದಿ-ಹಿಂಬದಿ ಸೇರಿ 14,000 ರೂಪಾಯಿ. ಮೊದಲು ಎರಡು ಮಾದರಿ ತೋರಿಸುತ್ತೇನೆ, ನೀವು ಆರಿಸಿದ್ದರಲ್ಲಿ ಎರಡು ಸುತ್ತು ತಿದ್ದುಪಡಿ. ಅದಕ್ಕಿಂತ ಹೆಚ್ಚಾದರೆ ಸುತ್ತಿಗೆ 1,200. ಅಚ್ಚಿನ ಖರ್ಚು, ಫೋಟೊ ಇದರಲ್ಲಿ ಸೇರಿಲ್ಲ. ಶುರುವಿಗೆ 7,000, ಮಾದರಿ ಒಪ್ಪಿದ ಮೇಲೆ 4,000, ಅಚ್ಚಿನ ಫೈಲ್ ಕೊಡುವ ಮುನ್ನ 3,000. ಪೂರ್ತಿ ವಿವರ ಕೈಗೆ ಸಿಕ್ಕಿದ ದಿನದಿಂದ 12 ದಿನದಲ್ಲಿ ಕೊಡುತ್ತೇನೆ. ಒಪ್ಪಿಗೆಯಾದರೆ ಇದಕ್ಕೇ ಉತ್ತರಿಸಿ.’ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ‘ವಿವರ ಕೈಗೆ ಸಿಕ್ಕಿದ ದಿನದಿಂದ’ ಎಂಬುದು. ಅದಿಲ್ಲದಿದ್ದರೆ ಅವರು ಹನ್ನೊಂದನೇ ದಿನ ಲೈಸೆನ್ಸ್ ಸಂಖ್ಯೆ ಕಳಿಸಿ ಹನ್ನೆರಡನೇ ದಿನ ಫೈಲ್ ಕೇಳುತ್ತಾರೆ. ಒಪ್ಪಿಗೆಗೆ ಕಳಿಸುವ ಚಿತ್ರ ಸಣ್ಣ ಅಳತೆಯದ್ದಾಗಿರಲಿ, ಅಡ್ಡಲಾಗಿ ‘ಪ್ರೂಫ್’ ಎಂದಿರಲಿ. ತಿದ್ದಬಹುದಾದ ಮೂಲ ಫೈಲಿಗೆ ಬೇರೆ ದರ ಹೇಳಿ. ತಿದ್ದುಪಡಿಯನ್ನು ಮನೆಯ ಐದು ಜನ ಐದು ಧ್ವನಿ ಸಂದೇಶದಲ್ಲಿ ಕಳಿಸಿದರೆ ಮುಟ್ಟಬೇಡಿ. ಒಬ್ಬರೇ ಒಟ್ಟುಮಾಡಿ ಬರೆದು ಕಳಿಸಲಿ, ಅದು ಒಂದು ಸುತ್ತು.

ಹಕ್ಕಿನ ವಿಷಯವನ್ನು ನಮ್ಮ ಕಲಾವಿದರು ಕೇಳುವುದೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕೃತಿ ಮಾಡಿದವರೇ ಮೊದಲ ಹಕ್ಕುದಾರರು. ನೌಕರಿಯಲ್ಲಿದ್ದು ಮಾಡಿದ್ದು ಮಾಲೀಕರದ್ದು. ದುಡ್ಡು ಕೊಟ್ಟು ಮಾಡಿಸಿದ ಫೋಟೊ, ವರ್ಣಚಿತ್ರ, ಭಾವಚಿತ್ರಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರಿಗೆ ಹೋಗುತ್ತದೆ. ಲೋಗೊ, ಅಕ್ಷರ ವಿನ್ಯಾಸದಂಥ ಕೆಲಸದ ಹಕ್ಕು ವರ್ಗಾವಣೆಯಾಗಬೇಕಾದರೆ ಬರಹದಲ್ಲಿ ಸಹಿ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಎಂದೂ ಕಾಯ್ದೆ ತಿಳಿಯುತ್ತದೆ. ಹಾಗಾಗಿ ಲೋಗೊದಲ್ಲಿ ಪೂರ್ತಿ ಹಣ ಬಂದ ಮೇಲೆ ಪೂರ್ತಿ ಹಕ್ಕು ಬರೆದುಕೊಟ್ಟುಬಿಡಿ, ಅದಕ್ಕೆ ತಕ್ಕ ದರ ಪಡೆಯಿರಿ. ಅಂಗಡಿಯವರು ಐದು ವರ್ಷಕ್ಕೊಮ್ಮೆ ನಿಮ್ಮ ಬಾಗಿಲಿಗೆ ಬರುವುದು ಇಬ್ಬರಿಗೂ ಕಿರಿಕಿರಿ. ಪುಸ್ತಕದ ಮುಖಪುಟದ ಚಿತ್ರಕ್ಕೆ ಮಾತ್ರ ಬೇರೆ ನೀತಿ ಇರಲಿ. ‘ಈ ಪುಸ್ತಕದ ಮುದ್ರಣಗಳಿಗೆ ಮಾತ್ರ, ಚಿತ್ರದ ಹಕ್ಕು ಕಲಾವಿದರದ್ದು’ ಎಂದು ಮೊದಲೇ ಬರೆಸಿಕೊಳ್ಳಿ. ಅದೇ ಚಿತ್ರವನ್ನು ನಾಳೆ ಕ್ಯಾಲೆಂಡರಿಗೆ ಕೊಡಬಹುದು, ಪ್ರಿಂಟ್ ಮಾಡಿಸಿ ಜನವರಿಯಲ್ಲಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಮಾರಬಹುದು. ಮಳಿಗೆಗೆ ಮುಂಚಿತವಾಗಿ ಅರ್ಜಿ ಹಾಕಬೇಕಾಗುತ್ತದೆ.

ಉದ್ರಿ ವಸೂಲಿಗೆ ಒಂದು ಕಾನೂನಿನ ಬಲ ಇದೆ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಕೊಟ್ಟು ಕಿರು ಉದ್ಯಮವಾಗಿ ನೋಂದಾಯಿಸಿಕೊಳ್ಳಿ. ಇದು ಪೂರ್ತಿ ಉಚಿತ, ಯಾರಾದರೂ ಶುಲ್ಕ ಕೇಳಿದರೆ ಅದು ದಲ್ಲಾಳಿಯ ಜಾಲತಾಣ. ಹೀಗೆ ನೋಂದಾಯಿಸಿದವರ ಸೇವೆ ಪಡೆದವರು, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಎನ್ನುತ್ತದೆ 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಶುರುವಾಗುವ ಮುಂಚೆಯೇ ನೋಂದಣಿ ಮಾಡಿಸಿಕೊಳ್ಳಿ, ಜಗಳವಾದ ಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ಉಪಯೋಗವಾಗುತ್ತದೆಂಬ ಖಾತ್ರಿ ಇಲ್ಲ. ನಿಜ ಹೇಳಬೇಕೆಂದರೆ 3,000 ರೂಪಾಯಿಗೆ ಯಾರೂ ದೂರು ಕೊಡುವುದಿಲ್ಲ. ಆದರೆ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ, ಪಾವತಿಯ ಕೊನೆಯ ದಿನ ಅಚ್ಚಾಗಿದ್ದರೆ ದೊಡ್ಡ ಗ್ರಾಹಕರ ಆಡಿಟರ್ ಅದನ್ನು ನೋಡುತ್ತಾರೆ. ಕಿರು-ಸಣ್ಣ ಉದ್ಯಮದ ಬಾಕಿಯನ್ನು ಗಡುವು ಮೀರಿ ಉಳಿಸಿಕೊಂಡರೆ, ಹಣ ಕೊಡುವವರೆಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ತೆರಿಗೆಯದ್ದು ಹೆದರುವಷ್ಟು ಇಲ್ಲ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಸಂಸ್ಥೆಗಳು ಡಿಸೈನ್ ಶುಲ್ಕದಲ್ಲಿ ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದರೆ ಆ ಹಣ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿರುತ್ತದೆ, ರಿಟರ್ನ್ ಸಲ್ಲಿಸಿದರೆ ಹೆಚ್ಚಾದದ್ದು ವಾಪಸು ಬರುತ್ತದೆ. ರಿಟರ್ನ್ ಮೂರು ವರ್ಷ ಸತತವಾಗಿದ್ದರೆ ಬ್ಯಾಂಕ್ ಸಾಲಕ್ಕೂ ದಾರಿ ಸುಲಭ.

ಆಷಾಢದ ಭಯಕ್ಕೆ ಮದ್ದು ಪಂಚಾಂಗದಲ್ಲೇ ಇದೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಈ ಮೂರರಲ್ಲಿ ಲಗ್ನ ಇಲ್ಲ, ನಿಮ್ಮ ಆದಾಯ ಲಗ್ನಕ್ಕೆ ಕಟ್ಟಿಹಾಕಿಕೊಂಡಿದೆ. ಆದರೆ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ನಡೆಯಬೇಕು, ಅವರ ವರದಿ ಪುಸ್ತಕ ತಯಾರಾಗುವುದು ಸರಿಯಾಗಿ ಆಷಾಢ-ಶ್ರಾವಣದಲ್ಲಿ. ಜಿಲ್ಲೆಯಲ್ಲಿ ಕೃಷಿ ಪತ್ತಿನ ಸಂಘ, ಪತ್ತಿನ ಸಹಕಾರಿ, ಹಾಲು ಉತ್ಪಾದಕರ ಸಂಘ ಎಷ್ಟಿವೆ ಎಣಿಸಿ ನೋಡಿ. ಅಲ್ಲೂ ಅದೇ ನ್ಯಾಯ: ಜಮಾ-ಖರ್ಚಿನ ಪಟ್ಟಿಯಲ್ಲಿ ಒಂದು ಸೊನ್ನೆ ತಪ್ಪಿದರೆ ಸಭೆಯಲ್ಲಿ ಕಾರ್ಯದರ್ಶಿಯ ಮೇಲೆ ಸದಸ್ಯರು ಏಳುತ್ತಾರೆ, ಆದ್ದರಿಂದ ಚೊಕ್ಕವಾಗಿ ಪಟ್ಟಿ ಹಾಕಿಕೊಡುವವರನ್ನು ಅವರು ಬಿಡುವುದಿಲ್ಲ. ಮೇ ತಿಂಗಳಲ್ಲೇ ಹೋಗಿ ಮಾತಾಡಿ, ಜುಲೈಗೆ ಹೋದರೆ ಬೇರೆಯವರಿಗೆ ಕೊಟ್ಟಿರುತ್ತಾರೆ. ಪುಟಗಳು ನಾಲ್ಕರ ಗುಣಕದಲ್ಲೇ ಇರಲಿ, ಪಿನ್ ಹೊಡೆಯುವ ಪುಸ್ತಕ 46 ಪುಟ ಆಗುವುದಿಲ್ಲ. ಕ್ಯಾಲೆಂಡರಿನ ಮಾತು ಸೆಪ್ಟೆಂಬರಿನಲ್ಲಿ, ಶಾಲೆಗಳ ಪ್ರಾಸ್ಪೆಕ್ಟಸ್ ಮಾತು ಡಿಸೆಂಬರಿನಲ್ಲಿ. ಒಂದೆರಡು ಶಾಲೆಗೆ ತಿಂಗಳಿಗೆ 20 ಗಂಟೆ, 8,000 ರೂಪಾಯಿ ಎಂದು ಖಾಯಂ ಒಪ್ಪಂದ ಮಾಡಿಕೊಂಡರೆ ಬಾಡಿಗೆ, ಕರೆಂಟು ಅದರಲ್ಲೇ ಕಳೆಯುತ್ತದೆ. ಎಷ್ಟೇ ಒಳ್ಳೆಯವರಾದರೂ ಒಬ್ಬರಿಂದಲೇ ಆದಾಯದ ಅರ್ಧ ಬರುವಂತಾಗಬಾರದು. ಆಡಳಿತ ಮಂಡಳಿ ಬದಲಾದ ದಿನ ಡಿಸೈನರೂ ಬದಲಾಗುತ್ತಾರೆ.

ಸ್ವಲ್ಪ ದುಡ್ಡು ಕೂಡಿದಾಗ ‘ಒಂದು ಸೆಕೆಂಡ್ ಹ್ಯಾಂಡ್ ಫ್ಲೆಕ್ಸ್ ಮಷೀನ್ ಹಾಕ್ಕೊಳ್ಳಿ’ ಎಂಬ ಸಲಹೆ ಬಂದೇ ಬರುತ್ತದೆ. ಬೇಡ. ಕೆಲಸವಿಲ್ಲದೆ ನಾಲ್ಕು ದಿನ ನಿಂತರೆ ಮಸಿ ಚಿಮ್ಮಿಸುವ ಹೆಡ್ಡಿನಲ್ಲಿ ಇಂಕ್ ಒಣಗುತ್ತದೆ, ಹೆಡ್ ಬದಲಾವಣೆಯ ಬಿಲ್ ನೋಡಿದರೆ ನಿದ್ದೆ ಬರುವುದಿಲ್ಲ. ಮೇಲಾಗಿ ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದೆ. ಬೀದಿಯಲ್ಲಿ ಏನು ಕಾಣುತ್ತದೆ ಎಂಬುದು ಬೇರೆ ಮಾತು, ಅದರ ಮೇಲೆ ಸಾಲ ಮಾಡುವುದು ಬೇರೆ ಮಾತು. ಆ ದುಡ್ಡಿನಲ್ಲಿ ಬಣ್ಣ ಸರಿಯಾಗಿ ತೋರಿಸುವ ಮಾನಿಟರ್, ಬೆನ್ನಿಗೆ ಆಸರೆ ಕೊಡುವ ಕುರ್ಚಿ, ಎರಡು ಹಾರ್ಡ್‌ಡಿಸ್ಕ್ ತೆಗೆದುಕೊಳ್ಳಿ. ಒಂದು ಹಾರ್ಡ್‌ಡಿಸ್ಕ್ ಮನೆಯಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ.

ಬೆಂಗಳೂರಿಗೆ ಹೋಗುವುದು ತಪ್ಪಲ್ಲ, ಯಾಕೆ ಹೋಗುತ್ತೀರಿ ಎಂಬುದು ಖಚಿತವಿರಬೇಕು. ಪ್ಯಾಕೇಜಿಂಗ್ ಸ್ಟುಡಿಯೋದಲ್ಲೋ ಒಳ್ಳೆಯ ಮುದ್ರಣಾಲಯದ ಪ್ರಿಪ್ರೆಸ್ (ಅಚ್ಚಿಗೆ ಮುನ್ನ ಫೈಲ್ ಸಿದ್ಧಮಾಡುವ) ವಿಭಾಗದಲ್ಲೋ ಒಂದೂವರೆ ವರ್ಷ ಕೆಲಸ ಸಿಕ್ಕರೆ ಹೋಗಿ, ಸಂಬಳ ಕಡಿಮೆಯಿದ್ದರೂ ಹೋಗಿ. ಅಲ್ಲಿ ಕಲಿಯುವುದು ಇಲ್ಲಿ ಸಿಗುವುದಿಲ್ಲ. ಸೋಶಿಯಲ್ ಮೀಡಿಯಾಕ್ಕೆ ದಿನಕ್ಕೆ ಹನ್ನೆರಡು ಹಬ್ಬದ ಶುಭಾಶಯ ಮಾಡುವ ಕೆಲಸವಾದರೆ ಪಿ.ಜಿ. ಬಾಡಿಗೆಗೂ ಸಾಲುವುದಿಲ್ಲ, ಕೈಗೂ ಏನೂ ಬರುವುದಿಲ್ಲ. ಹೋಗದೆ ಇಲ್ಲೇ ಇರುವುದಾದರೆ ಈಗಿನ ಗ್ರಾಹಕರನ್ನು ಒಂದೇ ಸಲ ಬಿಡಬೇಡಿ. ಲಗ್ನಪತ್ರಿಕೆಗೆ ಐದು ಸಿದ್ಧ ಮಾದರಿ ಮಾಡಿಟ್ಟು, ಹೆಸರು ತುಂಬಿಸುವುದಕ್ಕೆ ಮುಕ್ಕಾಲು ಗಂಟೆ ಮೀರದಂತೆ ನೋಡಿಕೊಂಡರೆ 300 ರೂಪಾಯಿಗೂ ಲೆಕ್ಕ ಸರಿಹೋಗುತ್ತದೆ. ಹಾಗೆ ಉಳಿದ ಗಂಟೆಗಳಲ್ಲಿ ಈ ವಾರ ಕಿರಾಣಿ ಅಂಗಡಿಯಿಂದ ದಾವಣಗೆರೆಯಲ್ಲೇ ತಯಾರಾದ ಹತ್ತು ಪೊಟ್ಟಣ ತನ್ನಿ, ಹಿಂಬದಿ ಓದಿ, ತಪ್ಪು ಗುರುತು ಹಾಕಿ. ತಯಾರಕರ ವಿಳಾಸ ಅದರ ಮೇಲೆಯೇ ಇರುತ್ತದೆ. ಅದೂ ಇಲ್ಲದಿದ್ದರೆ ಅದೇ ಮೊದಲ ತಪ್ಪು, ಅಂಗಡಿಯವರನ್ನು ಕೇಳಿ ಫೋನ್ ನಂಬರ್ ತೆಗೆದುಕೊಳ್ಳಿ.